ಮೊದಲು ನಮಸ್ಕಾರ, ಆಮೇಲೆ ಬ್ರೇಕು

ನಮ್ಮ ಮೊರೊಗೊರೊ ಊರಿನ ಮ್ಸಂವು ಬಸ್ ನಿಲ್ದಾಣದಲ್ಲಿ ಯಾರನ್ನಾದರೂ ಹಿಡಿದು ನಕುಂದ ಎಲ್ಲಿ ಎಂದು ಕೇಳಿ ನೋಡಿ. “ಮುನೀರಾ ಬಸ್ಸಿನ ನಕುಂದಕ್ಕನಾ? ಆಯಮ್ಮನ ಬಾಯಿಗೆ ಮಾತ್ರ ಸಿಕ್ಕಬೇಡಿ” ಎಂದು ಮೊದಲು ಎಚ್ಚರಿಸುತ್ತಾರೆ. ಆಮೇಲೆ ತಮ್ಮ ಫೋನನ್ನು ಜೇಬಿನಿಂದ ತೆಗೆದು, ತಾವೇ ಮಾಡಿದವರ ಹಾಗೆ ಎದೆಯುಬ್ಬಿಸಿ, “ಇದು ಅವಳ ಕೈಕೆಲಸ, ನೋಡಿ” ಎಂದು ತೋರಿಸುತ್ತಾರೆ. ಎರಡು ಮಾತೂ ನಿಜ. ಅವಳ ಬಾಯಿ ದೊಡ್ಡದು, ಕೆಲಸ ಅದಕ್ಕಿಂತ ದೊಡ್ಡದು.

ನಕುಂದ ಪಾರೆ ಬೆಟ್ಟದ ಕಡೆಯವಳು. ಪಾರೆಯವರೆಂದರೆ ಒಂದು ಮೇಕೆಯ ವ್ಯಾಜ್ಯ ಗೆಲ್ಲಲು ಹಸು ಮಾರಿ ಕೋರ್ಟಿಗೆ ಹೋಗುವ ಜನ ಎಂದು ನಮ್ಮಲ್ಲಿ ಆಡಿಕೊಳ್ಳುತ್ತಾರೆ. ಅವಳ ಮುಂದೆ ಹಾಗಂದರೆ, “ಮೇಕೆ ನಮ್ಮದು ಅಂದ್ಮೇಲೆ ಬಿಡೋದ್ಯಾಕೆ?” ಎಂದು ತಿರುಗಿ ಕೇಳುತ್ತಾಳೆ. ಓದು ಮುಗಿಸಿ ಈ ಊರಿಗೆ ಬಂದವಳು ಮುನೀರಾ ಬಸ್ ಕಂಪನಿಯ ಟಿಕೆಟ್ ಕಿಟಕಿಯಲ್ಲಿ ಕೂತಳು. ಇರಿಂಗಾಕ್ಕೆ, ದೊಡೊಮಾಕ್ಕೆ, ದಾರ್‌ಗೆ ಹೋಗುವವರ ಗದ್ದಲವನ್ನು ಕಂಬಿಯ ಹಿಂದಿನಿಂದ ನೋಡುತ್ತಾ ವರ್ಷಗಳು ಹೋದವು. ಸಂಜೆ ಹೊತ್ತು ವೆಬ್ ಪುಟ ಮಾಡುವುದನ್ನು ಕಲಿಸುವ ತರಗತಿಗೆ ಹೋಗುತ್ತಿದ್ದಳು. ಏನಕ್ಕೆ ಎಂದು ಕೇಳಿದವರಿಗೆ ಸುಮ್ಮನೆ ಎನ್ನುತ್ತಿದ್ದಳು.

ಆ ಕಂಪನಿಯ ಕಚೇರಿಯಲ್ಲಿ ಒಂದು ಕಂಪ್ಯೂಟರಿತ್ತು. ಬಸ್ಸುಗಳ ರಿಪೇರಿ ವಿಷಯವೆಲ್ಲ ಅದರೊಳಗೆ ಹೋಗಬೇಕೆಂದು ಯಾರೋ ಒಂದು ಪ್ರೋಗ್ರಾಮು ಮಾರಿ ಹೋಗಿದ್ದರು. ತೆರೆದರೆ ಪರದೆಯ ತುಂಬ ಬೂದು ಬಣ್ಣದ ಖಾನೆಗಳು. ಕ್ಲಚ್ಚಿಗೊಂದು ನಂಬರು, ಬ್ರೇಕಿಗೊಂದು ನಂಬರು. ನಂಬರು ತಪ್ಪಿತೋ, ಇಂಗ್ಲಿಷಿನಲ್ಲಿ ಗದರಿಸಿ ಬರೆದದ್ದನ್ನೆಲ್ಲ ಅಳಿಸಿ ಹಾಕುತ್ತಿತ್ತು. ಡ್ರೈವರುಗಳು ಅದರ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಗುಮಾಸ್ತ ಒಬ್ಬನೇ ಕೂತು, ಅವರಿವರು ಬಾಗಿಲಲ್ಲಿ ನಿಂತು ಕೂಗಿದ್ದನ್ನು ಅರ್ಧಂಬರ್ಧ ತುಂಬುತ್ತಿದ್ದ. ಹೆಡ್ ಮೆಕ್ಯಾನಿಕ್ ಫರಾಜಿ ಅದರ ಮುಂದೆ ಒಂದು ದಿನವೂ ಕೂತವರಲ್ಲ. ಅದೇ ಫರಾಜಿ ಮಗಳ ಮದುವೆಯ ಫೋಟೋಗಳನ್ನು ಗ್ರೀಸು ಮೆತ್ತಿದ ಹೆಬ್ಬೆರಳಲ್ಲೇ ಇಡೀ ಬಳಗಕ್ಕೆ ಕಳಿಸಿದ್ದರು. ಇದನ್ನು ನೋಡಿ ನಕುಂದಳಿಗೆ ರೇಗುತ್ತಿತ್ತು. “ಮನೇಲಿ ಬಳಸೋ ಫೋನು ಇಷ್ಟು ಸಲೀಸು. ಕೆಲಸಕ್ಕೆ ಅಂತ ಕೊಡೋ ಮಿಷನ್ನು ಯಾಕೆ ಇಷ್ಟು ಮೊಂಡು? ಗೇಟಿನೊಳಗೆ ಬಂದ ತಕ್ಷಣ ಮನುಷ್ಯ ದಡ್ಡ ಆಗ್ಬಿಡ್ತಾನಾ?” ಎನ್ನುತ್ತಿದ್ದಳು. ಗುಮಾಸ್ತ ನಗುತ್ತಿದ್ದ, ಬೇರೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ.

ಅವಳ ಅಣ್ಣನ ಮದುವೆ ಬಂತು. ನಮ್ಮಲ್ಲಿ ಮದುವೆಯೆಂದರೆ ಕಮಿಟಿ. ನೆಂಟರು, ಗೆಳೆಯರು, ಜೊತೆಗೆ ಕೆಲಸ ಮಾಡುವವರು ಎಲ್ಲರೂ ಸೇರಿ ವಾರವಾರ ಕೂತು, ಜಗಳವಾಡಿ, ಸೋಡಾ ಕುಡಿದು ಎದ್ದು ಹೋಗಬೇಕು. ನಕುಂದ ಆ ಕಮಿಟಿಗಾಗಿ ಫೋನಿನಲ್ಲಿ ತೆರೆಯುವ ಒಂದು ಪುಟ ಮಾಡಿದಳು. ಕುರ್ಚಿ ಯಾರು ತರುತ್ತಾರೆ, ಪಿಲಾವು ಯಾರ ಪಾಲು, ಬ್ಯಾಂಡಿನವರನ್ನು ಕರೆತರುವವರು ಯಾರು, ಎಲ್ಲಕ್ಕೂ ಚಿತ್ರ. ಒಪ್ಪಿಕೊಂಡವರು ಚಿತ್ರದ ಮೇಲೆ ಬೆರಳಿಟ್ಟರೆ ಅವರ ಮುಖ ಅಲ್ಲಿ ಬಂದು ಕೂರುತ್ತಿತ್ತು. ಯಾರಿಗೂ ಏನನ್ನೂ ಕಲಿಸಿಕೊಡಬೇಕಾಗಲಿಲ್ಲ. ಅಕ್ಷರ ಬಾರದ ಅವಳ ಸೋದರತ್ತೆ ಪಾತ್ರೆಯ ಚಿತ್ರ ಒತ್ತಿ, ತನ್ನ ಮುಖ ನೋಡಿ ಕೇಕೆ ಹಾಕಿದಳಂತೆ.

ಆ ಕಮಿಟಿಯಲ್ಲಿ ಬಸ್ ಕಂಪನಿಯ ಯಜಮಾನಿ ಬಿ ಮುನೀರಾ, ಎಂದರೆ ಮುನೀರಾ ಅಮ್ಮ, ಕೂಡ ಇದ್ದರು. ಗಂಡ ಹೋದ ಮೇಲೆ ಒಂದು ಬಸ್ಸಿನಿಂದ ಕಂಪನಿ ಕಟ್ಟಿದ ಹೆಂಗಸು. ಮಾತು ಕಡಿಮೆ, ನೋಟ ಚುರುಕು. ಮದುವೆ ಮುಗಿದ ವಾರ ನಕುಂದಳನ್ನು ಒಳಗೆ ಕರೆದರು.

“ಜಗಳ ಇಲ್ಲದೆ ಒಂದು ಮದುವೆ ಮಾಡಿಸಿದ್ಯಲ್ಲ ಮಗಳೇ, ನನ್ನ ಬಸ್ಸುಗಳನ್ನ ಓಡಿಸೋಕಾಗುತ್ತಾ ನಿನ್ನ ಕೈಲಿ?”

“ಆಗುತ್ತಮ್ಮ” ಎಂದಳು ನಕುಂದ. ಯೋಚಿಸಿ ಹೇಳುವ ಅಭ್ಯಾಸ ಅವಳಿಗಿಲ್ಲ.

“ಕ್ರಿಸ್ಮಸ್ ನೂಕುನುಗ್ಗಲು ಶುರುವಾಗೋ ದಿನ ಬೆಳಿಗ್ಗೆ ನಾನೇ ಬಂದು ಗೇಟಲ್ಲಿ ನಿಂತ್ಕೊಂಡು ನೋಡ್ತೀನಿ. ಸರಿ ಹೋಗಿದ್ರೆ ಅದೇ ನಿನ್ನ ಕೆಲಸ. ಇಲ್ದಿದ್ರೆ ಹಳೇ ಪ್ರೋಗ್ರಾಮೇ ಇರಲಿ, ನೀನು ವಾಪಸ್ ಕಿಟಕಿಗೆ. ಅಲ್ಲಿಯವರೆಗೂ ಕಿಟಕಿಯ ಆ ಕುರ್ಚಿಗೆ ಯಾರನ್ನೂ ಹಾಕಲ್ಲ.”

ನಕುಂದ ಹೊರಗೆ ಬಂದು ಇದನ್ನು ಇಡೀ ನಿಲ್ದಾಣಕ್ಕೆ ಸಾರಿದಳು. ಇನ್ನು ಆ ಕುರ್ಚಿಗೆ ಹಿಂದಿರುಗುವುದೆಂದರೆ ಊರಿಗೆ ಊರೇ ನೋಡಿ ನಗುವ ವಿಷಯವಾಯಿತು.

ಅವಳು ಮಾಡಿದ ಮೊದಲನೆಯದು, ನಾವೆಲ್ಲ ಫೋನಿನಲ್ಲಿ ಹರಟುತ್ತೇವಲ್ಲ, ಅದೇ ತರದ್ದು. ಡ್ರೈವರು ತನ್ನ ಬಸ್ಸಿನ ತೊಂದರೆಯನ್ನು ಬರೆದೋ ಬಾಯಲ್ಲಿ ಹೇಳಿಯೋ ರಿಪೇರಿ ಶೆಡ್ಡಿಗೆ ಕಳಿಸಬೇಕು. ಬಂದ ಪ್ರತಿ ಮಾತನ್ನೂ ಪ್ರೋಗ್ರಾಮು ಒಂದು ರಿಪೇರಿಯೆಂದು ದಾಖಲು ಮಾಡುತ್ತದೆ. ರಿಪೇರಿ ಬಾಕಿಯಿರುವ ಬಸ್ಸು ಕಂಪನಿಯ ಅಂಗಳದ ಗೇಟಿನವನ ಪರದೆಯಲ್ಲಿ ಕೆಂಪಗೆ ಕಾಣುತ್ತದೆ, ಉಳಿದದ್ದು ಹಸಿರಾಗಿ. ಕೆಂಪು ಬಸ್ಸನ್ನು ಅವನು ಹೊರಗೆ ಬಿಡುವ ಹಾಗಿಲ್ಲ. ಕಾಗದದ ಮೇಲೆ ಎಷ್ಟು ಚೆಂದ ಅಲ್ಲವೇ?

ಶುರುವಾದ ಸೋಮವಾರ ಬೆಳಗಾಗುವಷ್ಟರಲ್ಲಿ ಅಂಗಳದಲ್ಲಿದ್ದ ಬಸ್ಸುಗಳೆಲ್ಲ ಕೆಂಪಗಾಗಿದ್ದವು. ಒಂದೇ ಒಂದೂ ಹಸಿರಿಲ್ಲ. ಗೇಟಿನವನು ಬೀಗ ಹಾಕಿಕೊಂಡು ಕೂತ. ಮ್ಸಂವುವಿನಲ್ಲಿ ಪ್ರಯಾಣಿಕರು ಗಂಟುಮೂಟೆ, ಕೋಳಿಬುಟ್ಟಿ ಸಮೇತ ಬೊಬ್ಬೆ ಹೊಡೆಯತೊಡಗಿದರು. ನಕುಂದ ಓಡೋಡಿ ಬಂದು ಪರದೆ ತೆರೆದು ನೋಡುತ್ತಾಳೆ, ಬ್ರೇಕಿಲ್ಲ, ಕ್ಲಚ್ಚಿಲ್ಲ. ಮೊದಲನೇ ರಿಪೇರಿ: “ಶಿಕಾಮೋ, ಹಿರಿಯರೇ.” ಎರಡನೇ ರಿಪೇರಿ: “ರಾತ್ರಿ ನಿದ್ದೆ ಚೆನ್ನಾಗಿ ಬಂತಾ?” ಮೂರನೇ ರಿಪೇರಿ: “ಮನೆಯವರ ಮಂಡಿನೋವು ಹೇಗಿದೆ?” ದೊಡೊಮಾ ಬಸ್ಸಿನ ಡ್ರೈವರು ಫರಾಜಿಯವರ ಮೊಮ್ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ವಿಚಾರಿಸಿದ್ದರಿಂದ ಅವನ ಬಸ್ಸು ಗುಜರಿಗೆ ಹಾಕುವಷ್ಟು ಕೆಟ್ಟು ಹೋಗಿತ್ತು.

ನಮ್ಮಲ್ಲಿ ಚಿಕ್ಕವರು ದೊಡ್ಡವರಿಗೆ ಶಿಕಾಮೋ ಎನ್ನದೆ ಮಾತು ಶುರುವಾಗುವುದಿಲ್ಲ. ದೊಡ್ಡವರು ಮರಹಬಾ ಎಂದು ಅದನ್ನು ತೆಗೆದುಕೊಳ್ಳದೆ ಮಾತು ಮುಂದಕ್ಕೂ ಹೋಗುವುದಿಲ್ಲ. ಮನೆ ಹೊತ್ತಿ ಉರಿಯುತ್ತಿದ್ದರೂ ಮೊದಲು ಶಿಕಾಮೋ, ಆಮೇಲೆ ನೀರು. ಇದು ನಕುಂದಳಿಗೆ ಗೊತ್ತಿರಲಿಲ್ಲವೇ? ಅವಳು ಹುಟ್ಟಿ ಬೆಳೆದದ್ದೇ ಅದರಲ್ಲಿ. ಆದರೂ ಪರದೆ ಮಾಡುವಾಗ ಮರೆತಿದ್ದಳು.

ಬಿ ಮುನೀರಾ ಫೋನು ಮಾಡಿ ಒಂದೇ ಮಾತು ಹೇಳಿದರಂತೆ: “ಇದನ್ನ ಸರಿ ಮಾಡು.” ಬೈಗುಳಕ್ಕಿಂತ ಅದೇ ಖಾರ. ನಕುಂದ ರೊಚ್ಚಿಗೆದ್ದು ಕೂತು ಹರಟೆಯನ್ನೆಲ್ಲ ಕಿತ್ತು ಹಾಕಿದಳು. ಬರೆಯುವುದೂ ಇಲ್ಲ, ಮಾತೂ ಇಲ್ಲ. ಚಕ್ರ, ಬ್ರೇಕು, ದೀಪ, ಬಾಗಿಲು, ಹೀಗೆ ಚಿತ್ರಗಳು ಮಾತ್ರ. ಕೆಟ್ಟಿರುವುದರ ಮೇಲೆ ಬೆರಳಿಟ್ಟರೆ ಶೆಡ್ಡಿನಲ್ಲಿ ಗಂಟೆ ಹೊಡೆಯುತ್ತದೆ, ಮುಗಿಯಿತು. ಎಷ್ಟು ನುಣುಪಾಗಿತ್ತೆಂದರೆ ಅದನ್ನು ನೋಡಿ ಅವಳೇ ಮುಗುಳ್ನಕ್ಕಳು.

ಎಲ್ಲ ಬಸ್ಸುಗಳೂ ಹಸಿರಾದವು. ಹಸಿರಾಗಿಯೇ ಉಳಿದವು. ಏಕೆಂದರೆ ಒಬ್ಬ ಡ್ರೈವರೂ ಅದನ್ನು ಮುಟ್ಟಲಿಲ್ಲ. ಎಲ್ಲರೂ ಹಿಂದಿನಂತೆ ಶೆಡ್ಡಿಗೆ ನಡೆದು ಹೋಗಿ, ಫರಾಜಿಯವರ ಮುಂದೆ ನಿಂತು, ಶಿಕಾಮೋ ಹೇಳಿ, ಮಂಡಿನೋವು ವಿಚಾರಿಸಿ, ಆಮೇಲೆ ಬ್ರೇಕಿನ ವಿಷಯ ತೆಗೆಯುತ್ತಿದ್ದರು. ಫರಾಜಿಯವರಂತೂ ಫೋನನ್ನು ಸ್ಪ್ಯಾನರ್ ಡಬ್ಬಿಯೊಳಗೆ ಹಾಕಿ ಮುಚ್ಚಿಟ್ಟಿದ್ದರು.

ನಕುಂದ ಕೋಪದಿಂದ ಕುದಿಯುತ್ತಾ ಶೆಡ್ಡಿಗೆ ನುಗ್ಗಿದಳು. ಎದುರಿಗೆ ಫರಾಜಿ ಸಿಕ್ಕರು.

“ಶಿಕಾಮೋ, ಹಿರಿಯರೇ.”

“ಮರಹಬಾ ಮಗಳೇ. ಮನೇಲೆಲ್ಲ ಕ್ಷೇಮಾನಾ? ಊರಿಂದ ಅಮ್ಮ ಬಂದಿದ್ರಂತೆ?”

“ಕ್ಷೇಮ. ಅಮ್ಮ ವಾಪಸ್ ಹೋದ್ರು. ಮನೆಯವರ ಮಂಡಿನೋವು?”

“ಮಳೆ ಬಂದ್ರೆ ಜಾಸ್ತಿ. ಈಗ ಪರವಾಗಿಲ್ಲ. ಹೇಳು, ಏನು ವಿಷಯ?”

“ನನ್ನ ಪ್ರೋಗ್ರಾಮನ್ನ ಡಬ್ಬಿಯೊಳಗೆ ಯಾಕೆ ಹಾಕಿದ್ದೀರ?” ಎಂದು ಅವಳು ಕೂಗಿದಳು.

“ಯಾಕಾ? ಮೊನ್ನೆ ಮೊನ್ನೆ ಸ್ಟೇರಿಂಗ್ ಹಿಡಿದಿರೋ ಹುಡುಗ ಒಂದು ಚಕ್ರದ ಚಿತ್ರ ನನ್ನ ಮುಖಕ್ಕೆ ಎಸೀತಾನೆ. ಗಂಟೆ ಹೊಡೆಯುತ್ತೆ, ನಾನು ಎದ್ದು ಓಡಬೇಕು. ನಾನೇನು ನಾಯೀನಾ? ನೀನು ಇಷ್ಟು ಸಿಟ್ಟಲ್ಲಿ ಬಂದಿದ್ದೀಯ. ಆದ್ರೂ ಮೊದ್ಲು ಏನಂದೆ?”

ಜಗಳಕ್ಕೆಂದು ಬಂದವಳು ಶಿಕಾಮೋ ಹೇಳಿದ್ದಳು, ಮಂಡಿನೋವು ಕೇಳಿದ್ದಳು, ಅದು ಅವಳಿಗೇ ತಿಳಿದಿರಲಿಲ್ಲ. ತಾನು ಕಸವೆಂದು ಕಿತ್ತು ಹಾಕಿದ ನಮಸ್ಕಾರವೇ ಮಾತಿನ ಬಾಗಿಲು ಎಂದು ಆಗ ಹೊಳೆಯಿತು. ಅವಳ ದೊಡ್ಡ ಗುಣವೆಂದರೆ ತಪ್ಪು ಕಂಡ ಮೇಲೆ ಅದನ್ನು ಸಮರ್ಥಿಸಿಕೊಂಡು ಕೂರುವುದಿಲ್ಲ. “ನೀವು ಹೇಳಿದ್ದು ಸರಿ” ಎಂದು ಅಲ್ಲೇ ಹೇಳಿ ಹೊರಟಳು.

ಮೂರನೆಯದನ್ನು ಮಾಡಿದಳು ನೋಡಿ, ಅದರ ಬಗ್ಗೆ ಹೇಳುವಾಗ ನಮಗೂ ಜಂಬ ಬರುತ್ತದೆ. ಡ್ರೈವರು ತೆರೆದ ಕೂಡಲೇ ಫರಾಜಿಯವರ ಮುಖ. ಕೆಳಗೆ ಒಂದೇ ಗುಂಡಿ: ಶಿಕಾಮೋ. ಅದನ್ನು ಒತ್ತಿದರೆ ಚಿತ್ರಗಳು ತೆರೆಯುತ್ತವೆ. ಆ ಕಡೆ ಫರಾಜಿಯವರ ಫೋನಿನಲ್ಲಿ ಡ್ರೈವರಿನ ಮುಖ, ಅವನ ಬಸ್ಸಿನ ತೊಂದರೆ, ಮತ್ತೆ ಒಂದೇ ಗುಂಡಿ: ಮರಹಬಾ. ಅವರು ಅದನ್ನು ಒತ್ತಿದರೆಂದರೆ ವಿಷಯ ತಲುಪಿದೆ, ಕೆಲಸ ಅವರ ಕೈಗೆ ಬಂದಿದೆ ಎಂದರ್ಥ. ದೊಡ್ಡ ದೊಡ್ಡ ಪ್ರೋಗ್ರಾಮುಗಳು ಸ್ವೀಕರಿಸಲಾಗಿದೆ ಎಂದು ತೋರಿಸಲು ಏನೇನೋ ಗುರುತು ಇಡುತ್ತವಲ್ಲ, ನಮ್ಮವರು ಅದಕ್ಕೊಂದು ಮಾತನ್ನು ತಲೆತಲಾಂತರದಿಂದ ಇಟ್ಟುಕೊಂಡೇ ಇದ್ದರು. ಯಾರು ಯಾರಿಗಿಂತ ದೊಡ್ಡವರು ಎಂಬುದನ್ನು ಗುರುತಿನ ಚೀಟಿಯ ಹುಟ್ಟಿದ ವರ್ಷ ನೋಡಿ ಅವಳೇ ತುಂಬಿದಳು. ಮಂಡಿನೋವಿಗೂ ಪಕ್ಕದಲ್ಲಿ ಜಾಗ ಕೊಟ್ಟಳು. ಅಲ್ಲಿ ಎಷ್ಟು ಮಾತಾಡಿದರೂ ಬಸ್ಸು ಕೆಂಪಗಾಗುವುದಿಲ್ಲ.

ಫರಾಜಿ ಡಬ್ಬಿಯಿಂದ ಫೋನು ತೆಗೆದರು. ಮೊದಲ ದಿನ ಮರಹಬಾ ಒತ್ತಿ ಒತ್ತಿ ಹೆಬ್ಬೆರಳು ನೋಯಿತೆಂದು ಖುಷಿಯಿಂದ ದೂರಿದರು. “ಹೊಟ್ಟೆ ತುಂಬಿದ ಹಾಗಾಯ್ತು” ಎಂದರು. ಅಂಗಳದ ತುಂಬ ನಕುಂದಳ ಹೆಸರು. ಡ್ರೈವರುಗಳು ಬೇರೆ ಕಂಪನಿಯವರ ಮುಂದೆ ಬೇಕೆಂದೇ ಫೋನು ತೆಗೆದು, “ನಿಮ್ಮ ಶೆಡ್ಡು ನಿಮಗೆ ಮರಹಬಾ ಅನ್ನುತ್ತಾ?” ಎಂದು ಚುಡಾಯಿಸುತ್ತಿದ್ದರು.

ಒಬ್ಬರು ಮಾತ್ರ ಅದನ್ನು ಮುಟ್ಟಿರಲಿಲ್ಲ. ಇರಿಂಗಾ ಬಸ್ಸಿನ ಹಳೇ ಡ್ರೈವರು ಕಿಪಿಂಗು. ಅವರೂ ಫರಾಜಿಯೂ ಉಲುಗುರು ಬೆಟ್ಟದ ಒಂದೇ ಹಳ್ಳಿಯವರು. ಇಬ್ಬರಲ್ಲಿ ದೊಡ್ಡವರು ಯಾರು ಎಂಬ ಜಗಳ ಅವರು ಕಂಪನಿಗೆ ಸೇರಿದಂದಿನಿಂದ ನಡೆದಿತ್ತು. ಗುರುತಿನ ಚೀಟಿಯಲ್ಲಿ ಇಬ್ಬರದೂ ಒಂದೇ ವರ್ಷ, ಏಕೆಂದರೆ ಬರೆದವನು ಆ ಹಳ್ಳಿಯ ಮುದುಕರಿಗೆಲ್ಲ ಒಂದೇ ವರ್ಷ ಬರೆದು ಎದ್ದು ಹೋಗಿದ್ದ. ಹೀಗಾಗಿ ಇಬ್ಬರೂ ಇಷ್ಟು ಕಾಲ ಒಬ್ಬರಿಗೊಬ್ಬರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ನಮಸ್ಕಾರವನ್ನು ಹಾರಿಸಿಯೇ ಕಾಲ ಹಾಕಿದ್ದರು. ನಕುಂದ ಎಲ್ಲ ಡ್ರೈವರುಗಳನ್ನೂ ಫರಾಜಿಯವರಿಗಿಂತ ಚಿಕ್ಕವರೆಂದು ತುಂಬಿದ ರಭಸದಲ್ಲಿ ಇದನ್ನು ಗಮನಿಸಲಿಲ್ಲ. ಕಿಪಿಂಗು ತೆರೆದರೆ ಫರಾಜಿಯ ಮುಖ, ಕೆಳಗೆ ಶಿಕಾಮೋ. ಅವರು ಫೋನು ಮುಚ್ಚಿ ಜೇಬಿಗಿಟ್ಟರು, ಆಮೇಲೆ ಶೆಡ್ಡಿನ ಕಡೆಗೂ ಹೋಗಲಿಲ್ಲ.

ಕ್ರಿಸ್ಮಸ್ ನೂಕುನುಗ್ಗಲಿನ ಮೊದಲ ಬೆಳಿಗ್ಗೆ ಬಂತು. ಬಿ ಮುನೀರಾ ಹೇಳಿದಂತೆ ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಸ್ಸುಗಳು ಒಂದರ ಹಿಂದೊಂದು ಹಸಿರು ತೋರಿಸಿ ಹೊರಟವು. ಎಲ್ಲೂ ತಡವಿಲ್ಲ. ಯಜಮಾನಿಯ ಮುಖದಲ್ಲಿ ಒಪ್ಪಿಗೆ ಮೂಡುತ್ತಿರುವುದನ್ನು ದೂರದಿಂದಲೇ ಕಂಡ ನಕುಂದ, ನಿರಾಳವಾಗಿ ಒಂದು ಲೋಟ ಶುಂಠಿ ಚಹಾ ಕುಡಿಯೋಣವೆಂದು ಗೇಟಿನಾಚೆಯ ಚಪಾತಿ ಅಂಗಡಿಗೆ ಬಂದಳು. ಅಲ್ಲಿ ಕಿಪಿಂಗು ಚಪಾತಿಯನ್ನು ಸೂಪಿನಲ್ಲಿ ಅದ್ದುತ್ತಾ ಅಂಗಡಿಯವಳ ಹತ್ತಿರ ಹೇಳುತ್ತಿದ್ದರು:

“ಸ್ಟೇರಿಂಗು ಕುಡುಕನ ತರ ಆಡ್ತಾ ಇದೆ. ನಾನು ಎಡಕ್ಕೆ ಅಂದ್ರೆ ಅದು ಯೋಚನೆ ಮಾಡಿ ಆಮೇಲೆ ಬರುತ್ತೆ.”

“ಶೆಡ್ಡಿಗೆ ಹೇಳೋದಲ್ವಾ?”

“ಆ ಫರಾಜಿ ಮಗುವಿಗೆ ನಾನು ಶಿಕಾಮೋ ಹೇಳ್ಬೇಕಂತೆ. ನಡಿ ನಡಿ. ನಲವತ್ತು ವರ್ಷ ಓಡಿಸಿದ್ದೀನಿ, ಹೇಗೋ ಸಂಭಾಳಿಸ್ತೀನಿ.”

ನಕುಂದ ಲೋಟ ಕೆಳಗಿಟ್ಟಳು. ಇರಿಂಗಾ ದಾರಿಯೆಂದರೆ ಕಿಟೊಂಗಾ ಘಾಟಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಮರಗಳ ತಲೆ. ಕಿಪಿಂಗು ಬಾಯಿ ಒರೆಸಿಕೊಂಡು ಹೋಗಿ ಬಸ್ಸು ಹತ್ತಿದರು. ನೂಕುನುಗ್ಗಲೆಂದು ಜನ ಅಂಗಳದಲ್ಲೇ ಹತ್ತಿ ಬಸ್ಸು ತುಂಬಿತ್ತು, ಗೇಟಿನವನ ಪರದೆಯಲ್ಲಿ ಅದು ಹಸಿರಾಗಿತ್ತು. ಯಾರೂ ಏನೂ ಹೇಳದಿದ್ದರೆ ಎಲ್ಲ ಸರಿಯಿದೆ ಎಂದು ಅವಳೇ ಆ ಪ್ರೋಗ್ರಾಮಿಗೆ ಕಲಿಸಿದ್ದಳು.

ಸುಮ್ಮನಿದ್ದು, ಫರಾಜಿಯವರಿಗೆ ಗುಟ್ಟಾಗಿ ಒಂದು ಮಾತು ಹೇಳಿ, ಬಸ್ಸನ್ನು ಮುಂದಿನ ನಿಲ್ದಾಣದಲ್ಲಿ ನಿಲ್ಲಿಸಿಕೊಳ್ಳಬಹುದಿತ್ತು. ಯಜಮಾನಿಗೆ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂದಿತ್ತೆಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಆದರೆ ಅವಳು ಓಡಿ ಹೋಗಿ, ಬರುತ್ತಿದ್ದ ಬಸ್ಸಿನ ಮುಂದೆ ಗೇಟು ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಏನಿದು?” ಬಿ ಮುನೀರಾ ಎದ್ದು ನಿಂತರು. “ಹಸಿರಿದೆಯಲ್ಲ.”

“ಅದು ಸುಳ್ಳಮ್ಮ. ಸ್ಟೇರಿಂಗ್ ಕೆಟ್ಟಿದೆ. ನನ್ನ ಪರದೆಗೆ ಗೊತ್ತಿಲ್ಲ.”

“ಅಂದ್ರೆ ನೀನು ಮಾಡಿದ್ದು ಕೆಲಸ ಮಾಡ್ತಿಲ್ಲ.”

“ಈ ಬಸ್ಸಿನ ಮಟ್ಟಿಗೆ ಇಲ್ಲ. ತಪ್ಪು ನಂದೇ.”

ಪ್ರಯಾಣಿಕರು ಕಿಟಕಿಯಿಂದ ಕೂಗತೊಡಗಿದರು. ಕಿಪಿಂಗು ಕೆಳಗಿಳಿದು ನೆಲ ನೋಡುತ್ತಾ ನಿಂತರು. ಫರಾಜಿ ಬಂದರು, ಯಾರನ್ನೂ ಏನೂ ಕೇಳದೆ ಬಸ್ಸಿನ ಕೆಳಗೆ ತೂರಿದರು. ತುಸು ಹೊತ್ತಿಗೆ ಹೊರಗೆ ಬಂದರು.

“ಸ್ಟೇರಿಂಗ್ ಕೀಲು ಸವೆದು ಹೋಗಿದೆ. ಘಾಟೀಲಿ ಕಳಚಿಕೊಳ್ತಿತ್ತು” ಎಂದರು. ಆಮೇಲೆ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು, ನೆಟ್ಟಗೆ ಕಿಪಿಂಗುವಿನ ಮುಂದೆ ಬಂದು, ಎಲ್ಲರಿಗೂ ಕೇಳಿಸುವಂತೆ ಹೇಳಿದರು: “ಶಿಕಾಮೋ, ಅಣ್ಣ. ಇಷ್ಟೇ ತಾನೇ ನಿನಗೆ ಬೇಕಾಗಿದ್ದು? ತಗೋ. ಇನ್ಮೇಲಾದ್ರೂ ಬಸ್ಸಿನ ವಿಷಯ ಹೇಳು.”

ಕಿಪಿಂಗು ಮರಹಬಾ ಎನ್ನಬೇಕಿತ್ತು. ಅಷ್ಟು ವರ್ಷಗಳ ಜಗಳ ಅಲ್ಲಿಗೆ ಗೆದ್ದಂತಾಗುತ್ತಿತ್ತು.

“ಬೇಡ ಫರಾಜಿ. ಹಾಗನ್ನಬೇಡ” ಎಂದರು. “ನೀನೇ ದೊಡ್ಡವನು. ನಾನು ಅಮ್ಮನ ಬೆನ್ನ ಮೇಲೆ ಕಟ್ಟಿಸಿಕೊಂಡು ಹೊಲಕ್ಕೆ ಹೋಗೋವಾಗ ನೀನು ಪಕ್ಕದಲ್ಲಿ ನಡ್ಕೊಂಡು ಬರ್ತಿದ್ದೆಯಂತೆ. ಅಮ್ಮ ಸಾಯೋವರೆಗೂ ಹೇಳ್ತಿದ್ದಳು. ನನಗೆ ಮೊದಲಿಂದ್ಲೂ ಗೊತ್ತು.”

“ಮೊದಲಿಂದ್ಲೂ ಗೊತ್ತಾ?” ಫರಾಜಿ ಬಾಯಿ ಬಿಟ್ಟರು. “ಕಳ್ಳ ನನ್ಮಗನೇ!”

“ಶಿಕಾಮೋ” ಎಂದರು ಕಿಪಿಂಗು ತಲೆ ತಗ್ಗಿಸಿ.

“ಮರಹಬಾ, ಮರಹಬಾ. ಇನ್ನೊಂದ್ಸಲ ಹೇಳು, ಸರಿಯಾಗಿ ಕೇಳಿಸ್ಲಿಲ್ಲ.”

ಬಸ್ಸಿನೊಳಗೆ ಕೂಗಾಡುತ್ತಿದ್ದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗಾಗಿ ಬೇರೆ ಬಸ್ಸು ತರಿಸಲು ಗೇಟಿನವನು ಓಡಿದ. ಬಿ ಮುನೀರಾ ಮಾತ್ರ ನಗಲಿಲ್ಲ. ನಕುಂದಳ ಹತ್ತಿರ ಬಂದರು.

“ಇವತ್ತು ನಾನು ನೋಡೋಕೆ ಬರ್ತೀನಿ ಅಂತ ನಿನಗೆ ಗೊತ್ತಿತ್ತು.”

“ಗೊತ್ತಿತ್ತಮ್ಮ.”

“ಮತ್ತೆ?”

“ಬಸ್ಸಲ್ಲಿ ಜನ ಇದ್ರು.”

ನಕುಂದಳ ಬಾಯಿ ಅಲ್ಲಿಗೆ ನಿಲ್ಲುತ್ತದೆಯೇ? “ಎರಡು ವಿಷಯ ಬದಲಾಯಿಸ್ತೀನಿ” ಎಂದು ಶುರು ಮಾಡಿಯೇ ಬಿಟ್ಟಳು. “ಸುಮ್ಮನಿದ್ರೆ ಹಸಿರು ಅನ್ನೋದು ತಪ್ಪು. ಡ್ರೈವರು ಬಂದು ನಮಸ್ಕಾರ ಹೇಳಿ, ಎಲ್ಲ ಸರಿಯಿದೆ ಅಂತ ತಾನೇ ಒತ್ತಿದ್ರೆ ಮಾತ್ರ ಹಸಿರು. ಆಮೇಲೆ ಓರಗೆಯವರಿಗೆ ಸಲಾಂ ಅನ್ನೋ ಗುಂಡಿ ಇಡ್ತೀನಿ, ಯಾರು ಬೇಕಾದ್ರೂ ಮೊದಲು ಹೇಳಬಹುದು. ಇಂದು ರಾತ್ರಿಯೊಳಗೆ ಮಾಡಿ ಮುಗಿಸ್ತೀನಿ. ಅದಾದ್ಮೇಲೆ ನೀವು ಕಿಟಕಿಗೆ ಹೋಗು ಅಂದ್ರೆ ಹೋಗ್ತೀನಿ.”

ಬಿ ಮುನೀರಾ ತಮ್ಮ ಚೀಲದಿಂದ ಫೋನು ತೆಗೆದು ಅವಳ ಮುಂದೆ ಹಿಡಿದರು. ಆ ಬೂದು ಪ್ರೋಗ್ರಾಮನ್ನು ಒಂದು ದಿನವೂ ತೆರೆದು ನೋಡದಿದ್ದ ಹೆಂಗಸು.

“ನನ್ನ ಮುಖ ಎಲ್ಲಿದೆ ಇದರಲ್ಲಿ? ನನ್ನನ್ನೂ ಸೇರಿಸು.”

ನಕುಂದ ಅಲ್ಲೇ ನಿಂತು ಸೇರಿಸಿದಳು. ಫೋನು ವಾಪಸು ಕೊಡುವಾಗ ಅವಳ ದನಿ ತುಸು ಅಳುಕಿತು. “ಅಮ್ಮ, ಫರಾಜಿಯವರು ನಿಮಗಿಂತ ದೊಡ್ಡವರು. ಪ್ರೋಗ್ರಾಮಿಗೆ ಯಜಮಾನಿ ಅನ್ನೋದು ಗೊತ್ತಾಗಲ್ಲ. ನೀವೇ ಮೊದಲು ಹೇಳಬೇಕು.”

ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು. ಸಂಬಳ ಕೊಡುವ ಕೈಯೆಂದು ಇಷ್ಟು ವರ್ಷ ಮುದುಕರೂ ಸೇರಿದಂತೆ ಎಲ್ಲರೂ ಬಿ ಮುನೀರಾಗೇ ಮೊದಲು ಶಿಕಾಮೋ ಹೇಳಿಕೊಂಡು ಬಂದಿದ್ದರು. ಆಕೆ ಕನ್ನಡಕ ಏರಿಸಿಕೊಂಡು, ಒಂದು ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿದರು. ಫರಾಜಿಯವರ ಜೇಬಿನಲ್ಲಿ ಗಂಟೆ ಹೊಡೆಯಿತು. ಅವರು ಫೋನು ತೆಗೆದು, ನೋಡಿ, ಮತ್ತೆ ನೋಡಿ, ಕಣ್ಣು ಒರೆಸಿಕೊಂಡು ಮರಹಬಾ ಒತ್ತಿದರು.

ಬಿ ಮುನೀರಾ ಫೋನನ್ನು ಚೀಲಕ್ಕೆ ಹಾಕಿಕೊಂಡು ಕಚೇರಿಯ ಕಡೆ ಹೊರಟವರು, ಗುಮಾಸ್ತನ ಹತ್ತಿರ ಒಂದು ಗಳಿಗೆ ನಿಂತರು.

“ಟಿಕೆಟ್ ಕಿಟಕಿಗೆ ಬೇರೆ ಯಾರನ್ನಾದ್ರೂ ಹುಡುಕು” ಎಂದರು.